ತಲೆಗೆ ಹದಿನೈದು ನಿಮಿಷ

ಆ ಶನಿವಾರ ಬಾಸಿಲಿಯೊ ಮಾಡಿದ ಮೊದಲ ತಪ್ಪು ಇದು. ಬೆಳಿಗ್ಗೆ ಬೆಳಿಗ್ಗೆಯೇ ಬೀದಿ ಕಡೆಯ ಕಿಟಕಿಗಳನ್ನೆಲ್ಲ ಮುಚ್ಚಿ, ಬಾಗಿಲಿಗೆ ಅಗುಳಿ ಹಾಕಿಕೊಂಡ.

ಬೇರೆ ಊರಿನಲ್ಲಾಗಿದ್ದರೆ ಇದನ್ನು ಯಾರೂ ತಲೆಗೆ ಹಚ್ಚಿಕೊಳ್ಳುತ್ತಿರಲಿಲ್ಲ. ಆದರೆ ಮತಾನ್ಸಾಸಿನ ಪುಯೆಬ್ಲೊ ನುಯೆವೊ ಬಡಾವಣೆಯಲ್ಲಿ, ಅದೂ ಆಗಸ್ಟ್ ತಿಂಗಳ ಸೆಕೆಯಲ್ಲಿ, ಕಿಟಕಿ ಮುಚ್ಚುವವರು ಎರಡೇ ಬಗೆ. ದೇಶ ಬಿಟ್ಟು ಹೋದವರು, ಇಲ್ಲವೇ ಒಳಗೆ ಕೂತು ಕದ್ದುಮುಚ್ಚಿ ಏನನ್ನೋ ಮಾರುವವರು. ಬಾಸಿಲಿಯೊ ದೇಶ ಬಿಟ್ಟಿಲ್ಲ ಎಂಬುದು ಬೀದಿಗೆಲ್ಲ ಗೊತ್ತಿತ್ತು. ಹಿಂದಿನ ಸಂಜೆಯಷ್ಟೇ ಅವನು ಬನಿಯನ್ನಿನಲ್ಲಿ ನಿಂತು ಗೇಟಿಗೆ ಎಣ್ಣೆ ಬಿಟ್ಟಿದ್ದ.

ಪಾಪ, ಅವನು ಮಾರುವುದಕ್ಕೆ ಮುಚ್ಚಿದ್ದಲ್ಲ. ನೋಡುವುದಕ್ಕೆ ಮುಚ್ಚಿದ್ದ. ಬಸ್ ಡಿಪೋದಲ್ಲಿ ಗುಮಾಸ್ತನಾಗಿದ್ದ ಈ ಐವತ್ತರ ಮನುಷ್ಯನಿಗೆ ಇದ್ದ ಹುಚ್ಚು ಒಂದೇ: ‘ಗ್ರಹಣವೀರ’. ಸೂರ್ಯನಿಗೆ ಗ್ರಹಣ ಹಿಡಿದಾಗ ಮಾತ್ರ ಶಕ್ತಿ ಬರುವ, ಉಳಿದ ಹೊತ್ತಿನಲ್ಲಿ ಶೂ ಅಂಗಡಿಯಲ್ಲಿ ಕೆಲಸ ಮಾಡುವ ಒಬ್ಬ ವೀರನ ಧಾರಾವಾಹಿ ಅದು. ಅವನ ಶತ್ರು ಬೂದಿದೊರೆ ಎಂಬವನು. ನಾಲ್ಕನೆಯ ಸೀಸನ್ ಮುಗಿಯುತ್ತಾ ಬಂದರೂ ಆ ಬೂದಿದೊರೆ ತನ್ನ ಮುಖವಾಡ ತೆಗೆದಿರಲಿಲ್ಲ. ಕಟ್ಟಕಡೆಯ ಸಂಚಿಕೆಯಲ್ಲಿ ತೆಗೆಯುತ್ತಾನೆ ಎಂಬ ಸುದ್ದಿ ಬಂದಾಗಿನಿಂದ ಬಾಸಿಲಿಯೊಗೆ ನಿದ್ದೆ ಸರಿಯಾಗಿರಲಿಲ್ಲ.

ಅದಕ್ಕೆ ಕಾರಣವೂ ಇತ್ತು. ಕಾರಣದ ಹೆಸರು ಎರಿಬೆರ್ತೊ. ಎದುರು ಮನೆಯವನು. ಅವನಿಗೆ ಎಲ್ಲ ಧಾರಾವಾಹಿಗಳೂ ಒಂದು ದಿನ ಮುಂಚೆ ಅದೆಲ್ಲಿಂದಲೋ ಸಿಗುತ್ತಿದ್ದವು. ಸಿಕ್ಕಿದ್ದನ್ನು ನೋಡಿ ಸುಮ್ಮನಿರುವ ಜಾತಿಯಲ್ಲ ಅವನು. ಮೊದಲ ಸೀಸನ್ನಿನ ಕೊನೆಯನ್ನು ಡಾಮಿನೋ ಆಡುತ್ತಾ ಹೇಳಿಬಿಟ್ಟ. ಎರಡನೆಯದನ್ನು ಬಾಸಿಲಿಯೊನ ಮಾವನ ಶವಪೆಟ್ಟಿಗೆ ಗುಂಡಿಗಿಳಿಸುತ್ತಿದ್ದಾಗ ಕಿವಿಯಲ್ಲಿ ಉಸುರಿದ. ಮೂರನೆಯದನ್ನು ಹಲ್ಲಿನ ಆಸ್ಪತ್ರೆಯಲ್ಲಿ, ಡಾಕ್ಟರು ಬಾಸಿಲಿಯೊನ ಬಾಯಿ ತುಂಬ ಹತ್ತಿ ತುರುಕಿದ್ದರಿಂದ ಅವನಿಗೆ ಬೇಡವೆನ್ನಲೂ ಆಗದಿದ್ದಾಗ ವಿವರವಾಗಿ ಹೇಳಿದ. ಈ ಸಲವಾದರೂ ಕೊನೆಯನ್ನು ತನ್ನ ಸ್ವಂತ ಕಣ್ಣಿನಿಂದ, ಯಾರೂ ಹೇಳುವ ಮೊದಲು, ನೋಡಲೇಬೇಕೆಂದು ಬಾಸಿಲಿಯೊ ಹಟ ತೊಟ್ಟಿದ್ದ. ಜೀವಮಾನದಲ್ಲಿ ಅವನು ಹಟ ತೊಟ್ಟ ವಿಷಯಗಳು ಹೆಚ್ಚಿಲ್ಲ.

ವಾರದ ಕಟ್ಟು ತರುವ ಯೊಸ್ವಾನಿ ಅಂದು ಮೊದಲು ಅವನ ಮನೆಗೇ ಬಂದಿದ್ದ. ಸಿನಿಮಾ, ಧಾರಾವಾಹಿ, ಹಾಡು, ಅಡುಗೆ ಕಾರ್ಯಕ್ರಮ, ಎಲ್ಲವನ್ನೂ ಟಿವಿಗೆ ಸಿಕ್ಕಿಸುವ ಒಂದು ಹಾರ್ಡ್ ಡಿಸ್ಕಿನಲ್ಲಿ ತುಂಬಿಕೊಂಡು ಸೈಕಲ್ ಮೇಲೆ ಮನೆಮನೆಗೆ ಕೊಡುವುದು ಅವನ ಕಸುಬು. ಲೈಸೆನ್ಸು ಮಾತ್ರ ಇರಲಿಲ್ಲ.

"ಮಧ್ಯಾಹ್ನ ಎರಡಕ್ಕೆ ಬಂದು ಡಿಸ್ಕು ತಗೊಂಡೋಗ್ತೀನಿ, ಅಣ್ಣ. ಆಮೇಲೆ ಡಾಕ್ಟರಮ್ಮನ ಮನೆಗೆ ಹೋಗ್ಬೇಕು."

"ಬಾರಪ್ಪ. ಎರಡರೊಳಗೆ ನನ್ನ ಜನ್ಮ ಸಾರ್ಥಕ ಆಗಿರುತ್ತೆ" ಎಂದ ಬಾಸಿಲಿಯೊ.

ಹೆಂಡತಿ ನೊರೈದಾ ತನ್ನ ತಾಯಿಯನ್ನು ಕರೆದುಕೊಂಡು ನದಿಯಾಚೆ ತಂಗಿಯ ಮನೆಗೆ ಹೋಗಿದ್ದಳು. ಕರೆಂಟು ಸಂಜೆಯವರೆಗೂ ಇರುತ್ತದೆಂದು ಹೇಳಿದ್ದರು. ಉಳಿದಿದ್ದ ಮೂರು ಸಂಚಿಕೆಗಳೂ ಡಿಸ್ಕಿನಲ್ಲಿದ್ದವು. ಬಾಸಿಲಿಯೊ ಕಾಫಿ ಕಾಯಿಸಿಕೊಂಡು, ಫ್ಯಾನನ್ನು ತನ್ನ ಹೊಟ್ಟೆಯ ಕಡೆ ತಿರುಗಿಸಿಕೊಂಡು, ತೂಗುಕುರ್ಚಿಯಲ್ಲಿ ಕೂತ. ಮದುವೆಯಾದ ಮೇಲೆ ಇಷ್ಟು ಸುಖವಾಗಿ ಕೂತದ್ದು ಅವನಿಗೆ ನೆನಪಿರಲಿಲ್ಲ.

ಗ್ರಹಣವೀರ ಮೊದಲ ಗೋಪುರದಿಂದ ಹಾರುವಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು.

"ಬಾಸಿಲಿಯೊ! ಏ ಬಾಸಿಲಿಯೊ! ಇದ್ದೀಯೇನೋ?"

ಎರಿಬೆರ್ತೊನ ಗಂಟಲು. ಬಾಸಿಲಿಯೊ ಟಿವಿಯ ಸದ್ದು ತಗ್ಗಿಸಿ ಉಸಿರು ಹಿಡಿದ.

"ಇದ್ದೀಯ ಅಂತ ಗೊತ್ತು ಕಣೋ. ಕಾಫಿ ವಾಸನೆ ಬರ್ತಿದೆ. ನಿನ್ನೆ ರಾತ್ರಿ ನೋಡಿ ಮುಗಿಸ್ದೆ ಮಾರಾಯ! ಬಾಗಿಲು ತೆಗಿ, ಹೇಳ್ತೀನಿ!"

"ನಾನಿಲ್ಲ!" ಎಂದು ಕಿರುಚಿದ ಬಾಸಿಲಿಯೊ.

"ಆ ಮುಖವಾಡದ ಕೆಳಗೆ ಯಾರು ಗೊತ್ತಾ?"

"ಬಾಯಿ ಮುಚ್ಚೋ ಪಾಪಿ!"

"ಇಲ್ಲಪ್ಪ, ಬಾಗಿಲ ಸಂದಿಯಿಂದ ಹೇಳೋ ಅಂಥದ್ದಲ್ಲ ಅದು. ನಿನ್ನ ಮುಖ ನೋಡಿಕೊಂಡು ಹೇಳ್ಬೇಕು. ಇಲ್ಲೇ ಕೂತಿರ್ತೀನಿ. ಯಾವಾಗ್ಲಾದ್ರೂ ಹೊರಗೆ ಬರ್ಲೇಬೇಕಲ್ಲ ನೀನು?"

ಎರಿಬೆರ್ತೊನ ಬಗ್ಗೆ ಒಂದು ಮಾತು ಹೇಳಲೇಬೇಕು. ಕತೆಯ ಕೊನೆ ಹೇಳುವುದರಲ್ಲಿ ಅವನಿಗೆ ಅಂಥ ಸುಖವಿರಲಿಲ್ಲ. ಕೇಳಿದವನ ಮುಖ ಬಾಡುವುದನ್ನು ನೋಡುವುದರಲ್ಲಿತ್ತು ಅವನ ಸುಖವೆಲ್ಲ. ಆದ್ದರಿಂದ ಅವನು ಕಿಟಕಿಯಿಂದ ಕೂಗಿ ಹೇಳಿ ಆ ಸುಖ ಹಾಳುಮಾಡಿಕೊಳ್ಳಲಿಲ್ಲ. ನೋಯುವ ಮಂಡಿಯನ್ನು ನೀಡಿಕೊಂಡು, ಟೋಪಿಯಿಂದ ಗಾಳಿ ಹಾಕಿಕೊಳ್ಳುತ್ತಾ, ಬಾಸಿಲಿಯೊನ ಮೆಟ್ಟಿಲ ಮೇಲೆಯೇ ತಳವೂರಿದ.

ಮುಚ್ಚಿದ ಕಿಟಕಿ, ಮೆಟ್ಟಿಲ ಮೇಲೆ ಕಾಯುತ್ತಾ ಕೂತ ಒಬ್ಬ ಮನುಷ್ಯ. ಅಷ್ಟು ಸಾಕಾಯಿತು.

ಬ್ರೆಡ್ಡಿನ ಚೀಲ ಹಿಡಿದು ಹೋಗುತ್ತಿದ್ದ ಒಬ್ಬಾಕೆ ನಿಂತಳು. ಕಿಟಕಿ ನೋಡಿದಳು, ಎರಿಬೆರ್ತೊನನ್ನು ನೋಡಿದಳು. ಏನು, ಎತ್ತ ಎಂದು ಕೇಳಲಿಲ್ಲ. ಆ ಊರಿನಲ್ಲಿ ಮೊದಲು ಕೇಳುವ ಪ್ರಶ್ನೆಯೇ ಬೇರೆ.

"ಕೊನೆಯವರು ಯಾರು?"

ಎರಿಬೆರ್ತೊ ಹುಟ್ಟಿದಾಗಿನಿಂದ ಸರದಿಯಲ್ಲಿ ನಿಂತವನು. ಸೀನಿದವರಿಗೆ ಆಶೀರ್ವಾದ ಮಾಡಿದಷ್ಟೇ ಸಲೀಸಾಗಿ ಅವನ ಬಾಯಿಂದ ಉತ್ತರ ಬಂತು.

"ನಾನೇ."

"ಹಾಗಾದ್ರೆ ನಿನ್ನ ಹಿಂದೆ ನಾನು" ಎಂದು ಆಕೆ ಗೋಡೆಯ ನೆರಳಿಗೆ ಸರಿದಳು.

ಒಳಗೆ ಗ್ರಹಣವೀರ ಸೆರೆಯಾಗಿದ್ದ. ಬಾಸಿಲಿಯೊ ಕುರ್ಚಿಯ ತುದಿಗೆ ಬಂದಿದ್ದ. ಬಾಂಬುಗಳ ನಡುನಡುವೆ ಹೊರಗಿನಿಂದ ಒಂದೇ ಮಾತು ಮತ್ತೆ ಮತ್ತೆ ಕೇಳಿಬರುತ್ತಿತ್ತು, ಪ್ರತಿ ಸಲವೂ ಬೇರೆ ಗಂಟಲಿನಲ್ಲಿ: "ಕೊನೆಯವರು ಯಾರು?" ಬೀದಿಯ ರೇಷನ್ ಅಂಗಡಿಗೆ ಏನೋ ಬಂದಿರಬೇಕು ಎಂದುಕೊಂಡು ಅವನು ಕಿವಿಗೆ ಹತ್ತಿ ಇಟ್ಟುಕೊಂಡ.

ಎರಡನೆಯ ಸಂಚಿಕೆ ಮುಗಿದ ಮೇಲೆ ನೀರು ಕುಡಿಯಲೆಂದು ಎದ್ದವನು, ಕಿವಿಯ ಹತ್ತಿ ತೆಗೆದು, ಕಿಟಕಿಯ ಸೀಳಿನಿಂದ ಇಣುಕಿದ. ಜನರ ಸಾಲು ಅವನ ಬಾಗಿಲಿನಿಂದ ಹೊರಟು, ಔಷಧಿ ಅಂಗಡಿಯನ್ನು ದಾಟಿ, ಬೀದಿಯ ತಿರುವಿನಲ್ಲಿ ಕಣ್ಮರೆಯಾಗಿತ್ತು. ಕೆಲವರು ಮನೆಯಿಂದ ಸ್ಟೂಲು ತಂದು ಕೂತಿದ್ದರು. ಒಬ್ಬ ಕಡಲೆಕಾಯಿ ಮಾರುತ್ತಿದ್ದ.

"ಕೋಳಿಯಂತೆ" ಎನ್ನುತ್ತಿದ್ದಳು ಒಬ್ಬಳು.

"ಕೋಳಿ ಯಾರ್ ಹೇಳಿದ್ದು? ಬಟ್ಟೆ ಸೋಪು. ಅವನ ಷಡ್ಡಕ ಹಡಗಿನಲ್ಲಿ ಕೆಲಸ ಮಾಡ್ತಾನೆ."

"ಹಾಲಿನ ಪುಡಿ ಅಂತಾನೂ ಕೇಳ್ದೆ."

ಬಾಸಿಲಿಯೊ ಬಾಗಿಲು ತೆಗೆದು ತಲೆ ಹೊರಗೆ ಹಾಕಿದ. ಎರಿಬೆರ್ತೊ ಬಾಯಿ ತೆರೆಯುವುದರೊಳಗೆ ಅವನ ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದ: "ಮಹಾಜನರೇ, ಇಲ್ಲಿ ಏನೂ ಮಾರ್ತಿಲ್ಲ! ಎಲ್ಲ ಮನೆಗೆ ಹೋಗಿ!"

ಸಾಲಿನಲ್ಲಿ ಒಂದು ಸಂತೋಷದ ಗುಜುಗುಜು ಹಬ್ಬಿತು. ಏನೂ ಇಲ್ಲವೆಂದು ಇಷ್ಟು ಜೋರಾಗಿ ಹೇಳುತ್ತಿದ್ದಾನೆಂದರೆ ಒಳಗೆ ಬಹಳವೇ ಇರಬೇಕು.

"ಹೋದ ವಾರ ಮಾಂಸದಂಗಡಿಯವನೂ ಹಿಂಗೇ ಅಂದಿದ್ದ" ಎಂದ ಒಬ್ಬ ಮುದುಕ, "ಅರ್ಧ ಗಂಟೆಗೆ ಸಾಸೇಜು ತೆಗ್ದ. ಮನೆಗೆ ಹೋದೋರು ಕೆಟ್ರು."

"ಅಯ್ಯಾ, ದೇವರಾಣೆ ಏನೂ ಇಲ್ಲ!"

"ನಮಗೇನು ಅವಸರ ಇಲ್ಲಪ್ಪ. ನಿಧಾನಕ್ಕೆ ತೆಗಿ."

ಹೇಳಿದಷ್ಟೂ ಸಾಲು ಬೆಳೆಯಿತು. ಬಾಸಿಲಿಯೊಗೆ ಮೈ ಪರಚಿಕೊಳ್ಳುವಂತಾಯಿತು. ಅಷ್ಟರಲ್ಲಿ ಜನರನ್ನು ಮೊಣಕೈಯಿಂದ ಸರಿಸಿಕೊಂಡು ಮಿರ್ತಾ ಬಂದಳು. ಬೀದಿಯ ಸಮಿತಿಗೆ ಆಕೆ ಅಧ್ಯಕ್ಷೆ. ಕೂದಲು ಗುಂಗುರಾಗಲೆಂದು ತಲೆಗೆ ಕರ್ಲರು ಸುತ್ತಿಕೊಂಡೇ ಬಂದಿದ್ದರೂ ಮುಖದಲ್ಲಿ ಸರ್ಕಾರವೇ ಕೂತಿತ್ತು.

"ಏನಿದು ಬಾಸಿಲಿಯೊ? ಸಮಿತಿಗೆ ಒಂದು ಮಾತು ತಿಳಿಸ್ದೆ ಮನೇಲಿ ವ್ಯಾಪಾರ ಶುರು ಹಚ್ಕೊಂಡಿದ್ದೀಯ?"

"ಮಿರ್ತಕ್ಕ, ನಿಮ್ಮ ಕಾಲಿಗೆ ಬೀಳ್ತೀನಿ, ಒಳಗೆ ಬಂದು ನೀವೇ ನೋಡಿ. ನೋಡಿ ಇವರನ್ನೆಲ್ಲ ಓಡಿಸಿ."

ಇದು ಅವನ ಎರಡನೆಯ ತಪ್ಪು.

ಮಿರ್ತಾ ಒಬ್ಬಳೇ ನೋಡಿ ಬಂದರೆ ಜನ ನಂಬುತ್ತಾರೆಯೇ? ಅವಳೇ ಒಂದಿಷ್ಟು ಮುಚ್ಚಿಟ್ಟಳು ಅನ್ನುತ್ತಾರೆ. ಆದ್ದರಿಂದ ಸಾಲಿನ ಮುಂದಿದ್ದ ಐದಾರು ಜನ ಸಾಕ್ಷಿಗಳಾಗಿ ಅವಳ ಹಿಂದೆ ನುಗ್ಗಿದರು. ಫ್ರಿಜ್ಜು ತೆಗೆದರು. ಒಳಗೆ ಅರ್ಧ ಎಲೆಕೋಸು, ಒಂದಿಷ್ಟು ಮೊಟ್ಟೆ, ಅತ್ತೆಯ ಕಣ್ಣಿನ ಔಷಧಿ ಇದ್ದವು. ಮಂಚದ ಕೆಳಗೆ ಬಗ್ಗಿದರು. ಬೀರು ತೆಗೆದರು. ನೀರಿನ ತೊಟ್ಟಿಯ ಮುಚ್ಚಳವನ್ನೂ ಎತ್ತಿ ನೋಡಿದರು. ಕೋಳಿಯ ಪುಕ್ಕವೂ ಇರಲಿಲ್ಲ.

ಅಷ್ಟು ಹೊತ್ತಿಗೆ ಟಿವಿಯಲ್ಲಿ ಕೊನೆಯ ಸಂಚಿಕೆ ತಾನಾಗಿಯೇ ಶುರುವಾಗಿತ್ತು.

"ಇದು ಗ್ರಹಣವೀರ ಅಲ್ವಾ?" ಎಂದಳು ಬ್ರೆಡ್ಡಿನ ಚೀಲದಾಕೆ. "ಮುಖವಾಡ ತೆಗೆಯೋದು ಇದ್ರಲ್ಲೇ ಅಲ್ವಾ?"

"ಸ್ವಲ್ಪ ಸರೀರಿ, ಕಾಣಿಸ್ತಿಲ್ಲ" ಎಂದು ಇನ್ನೊಬ್ಬ ಮಂಚದ ಮೇಲೆ ಕೂತ.

ಕೋಳಿಯಲ್ಲ, ಗ್ರಹಣವೀರ ಎಂಬ ಸುದ್ದಿ ಬಾಗಿಲಿನಿಂದ ಬೀದಿಯ ತಿರುವಿನವರೆಗೆ ಹರಿಯಿತು. ಜನ ಬೈದುಕೊಂಡು ಚದುರುತ್ತಾರೆ ಎಂದು ಬಾಸಿಲಿಯೊ ಎಣಿಸಿದ್ದ. ಆದರೆ ಬಿಸಿಲಿನಲ್ಲಿ ಅಷ್ಟು ಹೊತ್ತು ನಿಂತವರು ಬರಿಗೈಯಲ್ಲಿ ಹೋಗುವುದುಂಟೇ? ನಿಂತದ್ದಕ್ಕೆ ಏನಾದರೂ ಕೊಡಲೇಬೇಕು ಎಂದು ಗಲಾಟೆ ಎದ್ದಿತು. ಗ್ರಹಣವೀರನಾದರೆ ಗ್ರಹಣವೀರನೇ ಸರಿ.

ಮಿರ್ತಾ ಕೈಯೆತ್ತಿದಳು. ನಲವತ್ತು ವರ್ಷ ಸಕ್ಕರೆ, ಅಕ್ಕಿ, ಬೇಳೆ ಹಂಚಿಸಿದ ಕೈ ಅದು.

"ಗದ್ದಲ ಬೇಡ! ಎಲ್ರಿಗೂ ಸಿಗುತ್ತೆ, ಎಲ್ರಿಗೂ ಸಮಪಾಲು. ಪೂರ್ತಿ ಸಂಚಿಕೆ ತೋರಿಸ್ತಾ ಕೂತ್ರೆ ಸಾಲು ಕರಗಲ್ಲ. ಕೊನೇ ಹದಿನೈದು ನಿಮಿಷ, ತಲೆಗೆ ಹದಿನೈದು ನಿಮಿಷ. ಒಂದು ಸಲಕ್ಕೆ ಕೋಣೆ ಹಿಡಿಯೋವಷ್ಟು ಜನ. ನೋಡಿದೋರು ಅಡುಗೆಮನೆ ಕಡೆಯಿಂದ ಹೊರಗೆ. ಮುದುಕರು, ಬಸುರಿಯರು ಮುಂದೆ ಬನ್ನಿ!"

ಎನ್ನುತ್ತಲೇ ರಿಮೋಟು ಎತ್ತಿಕೊಂಡು ಸಂಚಿಕೆಯನ್ನು ಓಡಿಸತೊಡಗಿದಳು. ಪರದೆಯ ಮೇಲೆ ಗ್ರಹಣವೀರ ಮೈಗೆ ಬೆಂಕಿ ಬಿದ್ದವನಂತೆ ಅತ್ತಿಂದಿತ್ತ ಹಾರಾಡಿದ.

"ಅಕ್ಕಾ, ನಿಲ್ಸಿ! ನಾನು ಮೊದಲಿನಿಂದ ನೋಡ್ಬೇಕು! ಇದು ನನ್ನ ಟಿವಿ!"

"ನಿನ್ನದೇ ಕಣಪ್ಪ, ಯಾರು ಇಲ್ಲ ಅಂದ್ರು? ನೋಡ್ತಾ ನಿಂತ್ಕೊ."

ಮುಖವಾಡದ ಕಡೆಗೆ ಕತೆ ಓಡುತ್ತಿತ್ತು. ಬಾಸಿಲಿಯೊಗೆ ಉಳಿದ ದಾರಿ ಒಂದೇ. ಎರಡು ಕಣ್ಣನ್ನೂ ಬಿಗಿಯಾಗಿ ಮುಚ್ಚಿ, ಎರಡು ಕಿವಿಗೂ ಬೆರಳಿಟ್ಟು, ಗಂಟಲು ಹರಿಯುವಂತೆ ಯಾವುದೋ ಹಳೆಯ ಹಾಡು ಹಾಡುತ್ತಾ, ಗೋಡೆ ತಡಕಿಕೊಂಡು ತನ್ನ ಮನೆಯಿಂದ ತಾನೇ ಓಡಿಹೋದ. ಹೊಸ್ತಿಲಿನಲ್ಲಿ ಎಡವಿ ಎರಿಬೆರ್ತೊನ ಮಡಿಲಿಗೆ ಬಿದ್ದ.

"ಬಂದ್ಯಾ? ಕೇಳು, ಮುಖವಾಡದ ಕೆಳಗೆ..."

ಅಷ್ಟೇ. ಎರಿಬೆರ್ತೊನ ಮಾತು ಅಲ್ಲಿಗೇ ನಿಂತಿತು. ಅವನ ಟೋಪಿಯನ್ನು ಯಾರೋ ಅವನ ಬಾಯಿಗೇ ತುರುಕಿದ್ದರು. ಸಾಲಿನಲ್ಲಿದ್ದವರೆಲ್ಲ ಕೆರಳಿದ್ದರು. ಬಿಸಿಲಿನಲ್ಲಿ ನಿಂತು ಬೆವರು ಸುರಿಸುತ್ತಿರುವುದು ಅದನ್ನು ನೋಡುವುದಕ್ಕೆ. ಇವನು ಯಾರು ಮುಂಚೆಯೇ ಒದರುವುದಕ್ಕೆ? ಹೊಡೆಯಿರಿ, ಬಡಿಯಿರಿ ಎನ್ನುವವರೆಗೂ ಹೋಯಿತು. ಮಿರ್ತಾ ಬಂದು ಬಿಡಿಸಿ, ಇನ್ನೊಂದು ಕಾನೂನು ಮಾಡಿದಳು. ನೋಡಿ ಹೊರಗೆ ಹೋಗುವ ಪ್ರತಿಯೊಬ್ಬರೂ ತಮಗೆ ಪ್ರೀತಿಯದೊಂದರ ಮೇಲೆ ಆಣೆ ಇಡಬೇಕು: ಇಂದು, ನಾಳೆ, ಇನ್ನು ಯಾವತ್ತೂ, ಯಾರ ಹತ್ತಿರವೂ ಹೇಳುವುದಿಲ್ಲ ಎಂದು. ಮೊದಲ ಆಣೆ ಎರಿಬೆರ್ತೊನದು.

"ತಾಯಿ ಮೇಲೆ ಇಡ್ಲಾ?" ಎಂದ ಅವನು, ಟೋಪಿ ಉಗಿದು.

"ನಿನ್ನ ತಾಯಿ ಸತ್ತು ಎಷ್ಟು ಕಾಲ ಆಯ್ತು! ಸಂತ ಲಾಜರೊ ಮೇಲೆ ಇಡು" ಎಂದಳು ಮಿರ್ತಾ.

ಎರಿಬೆರ್ತೊನ ಮುಖ ಬಿಳಿಚಿತು. ಊರುಗೋಲು ಹಿಡಿದ ಆ ಸಂತ ಕೊಟ್ಟ ಮಾತಿಗೆ ತಪ್ಪಿದವರ ಕಾಲನ್ನೇ ಹಿಡಿಯುತ್ತಾನೆ ಎಂಬುದು ಎಲ್ಲರಿಗೂ ಗೊತ್ತು. ಅವನ ಮಂಡಿಯೋ ಮೊದಲೇ ಕೈಕೊಟ್ಟಿತ್ತು. ಆದರೂ ಅಷ್ಟು ಜನರ ನಡುವೆ ಬೇರೆ ದಾರಿಯಿರಲಿಲ್ಲ. ಆಣೆ ಇಟ್ಟು, ಕುಂಟುತ್ತಾ ಎದುರಿನ ತನ್ನ ಜಗಲಿಗೆ ಹೋಗಿ ಕೂತ.

ಬಾಸಿಲಿಯೊಗೆ ಹೋದ ಜೀವ ಬಂದಂತಾಯಿತು. ಮೂರು ವರ್ಷ ತಾನು ಮಾಡಲಾಗದ್ದನ್ನು ಮಿರ್ತಕ್ಕ ಒಂದು ನಿಮಿಷದಲ್ಲಿ ಮಾಡಿದ್ದಳು. ಇನ್ನು ಒಳಗೆ ಹೋಗಿ ಎಲ್ಲರನ್ನೂ ಸಮಾಧಾನದಿಂದ ಕಳಿಸಿ ಮೊದಲಿನಿಂದ ನೋಡಿದರಾಯಿತು ಎಂದು ಬಾಗಿಲಿಗೆ ಕೈಹಾಕಿದ.

"ಏಯ್, ಏಯ್! ಎಲ್ಲಿಗೆ? ಸಾಲು ಕಾಣಲ್ವಾ?"

"ಇದು ನನ್ನ ಮನೆ!"

"ಎಲ್ರೂ ಹಾಗೇ ಅಂತಾರೆ. ಈಗ ತಾನೇ ಒಬ್ಬ ನಾನು ಕರೆಂಟು ಇಲಾಖೆಯವನು ಅಂದ."

"ಬೇಕಾದ್ರೆ ಮಿರ್ತಕ್ಕನ್ನ ಕೇಳಿ!"

ಮಿರ್ತಾ ಕಿಟಕಿಯಿಂದ ಮುಖ ಹಾಕಿದಳು. ಅವಳ ಕಣ್ಣಿನಲ್ಲಿ ಕನಿಕರವೂ ಇತ್ತು, ನ್ಯಾಯವೂ ಇತ್ತು.

"ಮನೆ ನಿಂದೇ, ಬಾಸಿಲಿಯೊ. ಆದ್ರೆ ನಿನ್ನೊಬ್ಬನ್ನ ಬಿಟ್ರೆ ನಾಳೆ ನನ್ನನ್ನ ಯಾರು ನಂಬ್ತಾರೆ? ಸರದಿಯಲ್ಲಿ ಬಾ."

ಬಾಸಿಲಿಯೊ ಕೈ ಕೈ ಹಿಸುಕಿಕೊಂಡ. ಕೊನೆಗೆ ತಲೆ ತಗ್ಗಿಸಿಕೊಂಡು, ಸಾಲಿನ ಪಕ್ಕದಲ್ಲೇ ನಡೆದು, ಬೀದಿ ತಿರುಗಿ, ತನ್ನ ಮನೆಯೇ ಕಾಣದಷ್ಟು ದೂರ ಹೋಗಿ, ಹುಟ್ಟಿದಾಗಿನಿಂದ ಕೇಳುತ್ತಾ ಬಂದಿದ್ದನ್ನು ಕೇಳಿದ.

"ಕೊನೆಯವರು ಯಾರು?"

"ನಾನು" ಎಂದ ಒಬ್ಬ ಪೊಲೀಸು.

ಬಾಸಿಲಿಯೊ ಎರಡು ಹೆಜ್ಜೆ ಹಿಂದೆ ಸರಿದ. "ಸಾಹೇಬ್ರೆ, ನೀವು... ಗಲಾಟೆ ಅಂತ ಯಾರಾದ್ರೂ ದೂರು ಕೊಟ್ರಾ?"

"ಇಲ್ಲಪ್ಪ. ಡ್ಯೂಟಿ ಮುಗಿಸಿ ಹೋಗ್ತಿದ್ದೆ, ಸಾಲು ಕಾಣಿಸ್ತು. ಏನು ಕೊಡ್ತಿದ್ದಾರೆ ಇಲ್ಲಿ?"

"ಏನೂ ಇಲ್ಲ ಸಾಹೇಬ್ರೆ, ಬರೀ ಒಂದು..."

"ಏನೂ ಇಲ್ವಾ? ಹೋಗ್ಲಿ, ತಲೆಗೆ ಎಷ್ಟು?"

ಬಿಸಿಲು ನೆತ್ತಿಗೇರಿತು. ಸಾಲು ಬಸವನಹುಳುವಿನಂತೆ ತೆವಳಿತು. ನೋಡಿದವರು ಹೊರಗೆ ಬರುವಾಗ ಅವರ ಮುಖ ನೋಡಿದರೂ ಕತೆ ಗೊತ್ತಾಗಿಬಿಟ್ಟೀತೆಂದು ಬಾಸಿಲಿಯೊ ಗೋಡೆಯ ಕಡೆ ತಿರುಗಿ ನಿಲ್ಲುತ್ತಿದ್ದ. "ಅಯ್ಯೋ, ಅವನೇ ಅಂತ ಯಾರಂದ್ಕೊಂಡಿದ್ರು!" ಎಂದು ಯಾರೋ ಉದ್ಗಾರ ತೆಗೆದರು. ಇನ್ನಾರೋ "ಶ್! ಆಣೆ!" ಎಂದು ಗದರಿದರು. ಮೊದಲಿನಿಂದ ನೋಡುವ ಆಸೆಯನ್ನು ಅವನು ಆಗಲೇ ಬಿಟ್ಟಿದ್ದ. ಎರಡು ಗಂಟೆಯೊಳಗೆ ತನ್ನ ಪಾಲಿನ ಹದಿನೈದು ನಿಮಿಷ ದಕ್ಕಿದರೆ ಸಾಕು ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದ.

ತಿರುವು ದಾಟಿ ಔಷಧಿ ಅಂಗಡಿ ಕಂಡಾಗ, ಸಾಲಿನಲ್ಲಿ ಬಹಳ ಮುಂದೆ, ಪರಿಚಯದ ಒಂದು ಛತ್ರಿ ಕಂಡಿತು. ಛತ್ರಿಯ ಕೆಳಗೆ ನೊರೈದಾ, ಅವಳ ತೋಳು ಹಿಡಿದು ಅತ್ತೆ ಫೆಲಿಪಾ.

"ನೊರೈದಾ! ನೀನಿಲ್ಲಿ ಏನು ಮಾಡ್ತಿದ್ದೀಯ?"

"ನಾನೇನು ಮಾಡ್ತಿದ್ದೀನಾ? ನಮ್ಮ ಬೀದೀಲಿ ಕೋಳಿ ಕೊಡ್ತಿದ್ದಾರೆ ಅಂತ ನದಿಯಾಚೆವರೆಗೂ ಸುದ್ದಿ ಬಂತು. ಅಮ್ಮನ್ನ ಎಳ್ಕೊಂಡು ಓಡಿ ಬಂದೆ. ಬಂದು ನಿಂತ ಮೇಲೆ ಗೊತ್ತಾಯ್ತು, ಸಾಲು ನಮ್ಮನೆಗೇ ಅಂತ! ನಾಚ್ಕೆ ಆಗಲ್ವಾ ನಿಮಗೆ? ಮನೆ ಗುಡಿಸಿಲ್ಲ, ಹಾಸಿಗೆ ಮಡಿಸಿಲ್ಲ, ಊರಿಗೇ ಬಾಗಿಲು ತೆಗ್ದಿದ್ದೀರಲ್ಲ!"

"ಆಮೇಲೆ ಬೈಯುವಿಯಂತೆ. ಸ್ವಲ್ಪ ಜಾಗ ಕೊಡು, ನಿನ್ನ ಜೊತೆ ನಿಲ್ತೀನಿ."

"ಮಧ್ಯೆ ತೂರಬಾರ್ದು!" ಎಂದು ಹಿಂದಿನವರೆಲ್ಲ ಒಟ್ಟಿಗೆ ಅರಚಿದರು.

"ಹಿಂದೆ ಹೋಗ್ರಿ, ಮರ್ಯಾದೆ ತೆಗೀಬೇಡಿ" ಎಂದು ನೊರೈದಾ ಛತ್ರಿಯನ್ನು ಅವನ ಕಡೆಗೆ ವಾಲಿಸಿ ಮುಖ ಮರೆಮಾಡಿಕೊಂಡಳು.

"ಗಂಡ ಆದ್ರೇನು, ಸರದಿ ಸರದಿನೇ" ಎಂದಳು ಅತ್ತೆ ಫೆಲಿಪಾ, ಇಪ್ಪತ್ತು ವರ್ಷದಿಂದ ಕಾಯುತ್ತಿದ್ದ ಅವಕಾಶ ಸಿಕ್ಕವಳಂತೆ.

ಕೊನೆಗೂ ಬಾಸಿಲಿಯೊ ತನ್ನ ಹೊಸ್ತಿಲು ತುಳಿದಾಗ ಎರಡು ಗಂಟೆಗೆ ಇನ್ನು ಸ್ವಲ್ಪವೇ ಬಾಕಿಯಿತ್ತು. ಅವನದು ಕಟ್ಟಕಡೆಯ ತಂಡ. ತೂಗುಕುರ್ಚಿಯಲ್ಲಿ ಪೊಲೀಸಪ್ಪ ಕೂತು, ಟೋಪಿಯನ್ನು ಮಂಡಿಯ ಮೇಲೆ ಇಟ್ಟುಕೊಂಡ. ಬಾಸಿಲಿಯೊಗೆ ನೆಲದ ಮೇಲೆ, ಟಿವಿಯ ಮುಂದೆಯೇ ಜಾಗ ಸಿಕ್ಕಿತು. ಸಿಕ್ಕಿದ್ದೇ ಭಾಗ್ಯ ಎಂದು ಕಾಲು ಮಡಚಿ ಕೂತ. ಇಷ್ಟು ಕಷ್ಟಪಟ್ಟರೂ ಒಬ್ಬರ ಬಾಯಿಂದಲೂ ಕೇಳಿಲ್ಲ, ತಾನೇ ನೋಡುತ್ತಿದ್ದೇನೆ ಎಂಬ ಸಂತೋಷಕ್ಕೆ ಅವನ ಕಣ್ಣು ಒದ್ದೆಯಾಯಿತು. ಮಿರ್ತಾ ಗುಂಡಿ ಒತ್ತಿದಳು.

ಸೂರ್ಯನಿಗೆ ಕಪ್ಪು ಕವಿಯಿತು. ಗ್ರಹಣವೀರ ಸರಪಳಿ ಕಿತ್ತ. ಇಬ್ಬರೂ ಗೋಪುರದ ತುದಿಯಲ್ಲಿ ಹೊಡೆದಾಡಿದರು, ಬಿದ್ದರು, ಎದ್ದರು. ಕೊನೆಗೆ ಗ್ರಹಣವೀರನ ಕೈ ಬೂದಿದೊರೆಯ ಗದ್ದದ ಕೆಳಗೆ ಹೋಯಿತು. ಮುಖವಾಡ ಸ್ವಲ್ಪ ಮೇಲೆದ್ದಿತು. ಗದ್ದ ಕಂಡಿತು. ತುಟಿಯ ಒಂದು ಮೂಲೆ ಕಂಡಿತು.

ಪರದೆ ಕಪ್ಪಾಯಿತು.

"ಕರೆಂಟು ಹೋಯ್ತು!" ಎಂದು ಎಲ್ಲರೂ ರೂಢಿಯಂತೆ ಕೂಗಿದರು.

ಆದರೆ ಫ್ಯಾನು ತಿರುಗುತ್ತಲೇ ಇತ್ತು. ಬಾಸಿಲಿಯೊ ಟಿವಿಯ ಹಿಂದೆ ಕೈ ಹಾಕಿ ತಡಕಿದ. ಅಲ್ಲಿ ಡಿಸ್ಕು ಇರಲಿಲ್ಲ. ಅಡುಗೆಮನೆಯ ಬಾಗಿಲಿನಲ್ಲಿ ಯೊಸ್ವಾನಿಯ ಬೆನ್ನು ಕಂಡಿತು. ಹೇಳಿದ ಹೊತ್ತಿಗೆ ಸರಿಯಾಗಿ ಬಂದಿದ್ದ ಪಾಪದ ಹುಡುಗ, ಕಿಟಕಿಯಿಂದ ಇಣುಕಿದಾಗ ಕಂಡದ್ದು ಪೊಲೀಸು. ತನ್ನ ಡಿಸ್ಕಿನ ಎದುರು ಗತ್ತಿನಿಂದ ಕೂತು ಸಾಕ್ಷ್ಯ ಪರೀಕ್ಷೆ ಮಾಡುತ್ತಿರುವ ಪೊಲೀಸು. ಹಿತ್ತಲ ಗೋಡೆ ಹಾರಿ, ಅಡುಗೆಮನೆಯಿಂದ ಬೆಕ್ಕಿನಂತೆ ನುಸುಳಿ, ಟಿವಿಯ ಹಿಂದಿನಿಂದ ಡಿಸ್ಕು ಕಿತ್ತುಕೊಂಡಿದ್ದ.

"ಯೊಸ್ವಾನಿ, ಬೇಡ!" ಎಂದು ಬಾಸಿಲಿಯೊ ಓಡಿದ.

ತೊಟ್ಟಿಯಲ್ಲಿ ಬುಳಕ್ ಎಂದು ಸದ್ದಾಯಿತು. ಮರುಗಳಿಗೆಯಲ್ಲಿ ಯೊಸ್ವಾನಿ ಗೋಡೆಯಾಚೆ ಇದ್ದ.

"ಯಾರದು?" ಎಂದ ಪೊಲೀಸಪ್ಪ ಕುರ್ಚಿಯಿಂದಲೇ. "ಮುಂದಕ್ಕೆ ಹಾಕಮ್ಮ, ನನ್ನ ಪಾಲು ಇನ್ನೂ ಮುಗಿದಿಲ್ಲ."

ಬಾಸಿಲಿಯೊ ತೊಟ್ಟಿಗಿಳಿದು ಎದೆಮಟ್ಟದ ನೀರಿನಲ್ಲಿ ಮುಳುಗಿ ಡಿಸ್ಕನ್ನು ಮೇಲೆ ತಂದ. ಒರೆಸಿದ, ಊದಿದ, ಫ್ಯಾನಿಗೆ ಹಿಡಿದ. ಟಿವಿ ಅದನ್ನು ಗುರುತೇ ಹಿಡಿಯಲಿಲ್ಲ. ಹೋಗಲಿ, ಊರಿನಲ್ಲಿ ಬೇರೆ ಪ್ರತಿಗಳಿಲ್ಲವೇ ಎಂದು ಒದ್ದೆ ಬಟ್ಟೆಯಲ್ಲೇ ಓಡಾಡಿದ. ಆದರೆ ಬಾಸಿಲಿಯೊನ ಮನೆಗೆ ಪೊಲೀಸು ನುಗ್ಗಿದೆ, ಗ್ರಹಣವೀರ ಇಟ್ಟುಕೊಂಡವರನ್ನು ಹಿಡಿಯುತ್ತಾರಂತೆ ಎಂಬ ಸುದ್ದಿ ಅವನಿಗಿಂತ ಮುಂದೆ ಓಡಿತ್ತು. ಔಷಧಿ ಅಂಗಡಿಯವಳು ಅಳಿಸಿದ್ದಳು. ಕ್ಷೌರದಂಗಡಿಯವನು ಅಳಿಸಿದ್ದ. ಎರಿಬೆರ್ತೊ ತನ್ನದನ್ನು ಅಳಿಸಿದ್ದಲ್ಲದೆ, ಅನುಮಾನ ಬೇಡವೆಂದು ಸುತ್ತಿಗೆಯಿಂದ ಜಜ್ಜಿದ್ದ. ಸಂಜೆಯ ಹೊತ್ತಿಗೆ ಮತಾನ್ಸಾಸಿನಲ್ಲಿ ಬೂದಿದೊರೆಯ ಮುಖ ಉಳಿದಿದ್ದದ್ದು ನೋಡಿದವರ ತಲೆಯೊಳಗೆ ಮಾತ್ರ.

ನೋಡಿದವರು ಅವನ ಮನೆಯಲ್ಲೇ ಇಬ್ಬರಿದ್ದರು. ಬಾಸಿಲಿಯೊ ನಾಚಿಕೆ ಬಿಟ್ಟ. ಸ್ವಂತ ಕಣ್ಣೂ ಬೇಡ, ಮಣ್ಣೂ ಬೇಡ.

"ನೊರೈದಾ, ಹೇಳೇ. ಯಾರು ಅವನು?"

"ಹೇಗೆ ಹೇಳ್ಲಿ? ಅಮ್ಮನ ಮೇಲೆ ಆಣೆ ಇಟ್ಟಿದ್ದೀನಿ. ಹೇಳಿದ್ರೆ ಅಮ್ಮ ಸಾಯ್ತಾಳೆ."

ಬಾಸಿಲಿಯೊ ತಿರುಗಿ ಅತ್ತೆಯ ಕಡೆ ನೋಡಿದ. ಸ್ವಲ್ಪ ಹೊತ್ತು ನೋಡುತ್ತಲೇ ಇದ್ದ.

"ಯೋಚನೆ ಮಾಡ್ತಿದ್ದಾನೆ ನೋಡೇ!" ಎಂದು ಕಿರುಚಿದಳು ಅತ್ತೆ. "ಯೋಚನೆ ಮಾಡ್ತಿದ್ದಾನೆ!"

"ನೀವಾದ್ರೂ ಹೇಳಿ ಅತ್ತೆ."

"ನನಗೆಲ್ಲಿ ಕಂಡಿತಪ್ಪ? ಕಣ್ಣಿನ ಔಷಧಿ ಫ್ರಿಜ್ಜಿನಲ್ಲಿತ್ತು."

ಮಿರ್ತಾ ಸಮಿತಿಯ ಮೇಲೆ ಆಣೆ ಇಟ್ಟಿದ್ದಳು. ಬ್ರೆಡ್ಡಿನ ಚೀಲದಾಕೆ ಮಗಳ ಹೊಟ್ಟೆಯೊಳಗಿನ ಮೊಮ್ಮಗುವಿನ ಮೇಲೆ ಇಟ್ಟಿದ್ದಳು. ಬಾಸಿಲಿಯೊ ಬಾಗಿಲು ಬಡಿದಲ್ಲೆಲ್ಲ ಜನ ಪ್ರೀತಿಯಿಂದ ಕಾಫಿ ಕೊಟ್ಟರು. ಬೆನ್ನು ತಟ್ಟಿದರು. "ನಿನಗೋಸ್ಕರ ಅಲ್ವೇನಪ್ಪ ಆಣೆ ಇಟ್ಟಿದ್ದು, ನಿನಗೇ ಹೇಳೋದಾ?" ಎಂದರು. ಇಂಥ ನಿಯತ್ತು ಆ ಬೀದಿಯ ಚರಿತ್ರೆಯಲ್ಲೇ ಯಾರೂ ಕಂಡಿರಲಿಲ್ಲ. ಕಂಡ ದಿನವೇ ಬಾಸಿಲಿಯೊಗೆ ಅದು ಬೇಡವಾಗಿತ್ತು.

ಕಟ್ಟಕಡೆಗೆ ಅವನು ಎದುರು ಮನೆಯ ಜಗಲಿ ಹತ್ತಿದ. ಎರಿಬೆರ್ತೊ ಮಂಡಿಗೆ ಎಣ್ಣೆ ನೀವಿಕೊಳ್ಳುತ್ತಿದ್ದ.

"ಹೇಳೋ ಮಾರಾಯ."

"ಏನನ್ನ?"

"ಆಟ ಆಡ್ಬೇಡ. ಮುಖವಾಡದ ಕೆಳಗೆ ಯಾರು?"

ಎರಿಬೆರ್ತೊ ಬಾಯಿ ತೆರೆದ. ಮಂಡಿ ನೋಡಿಕೊಂಡ. ಬಾಯಿ ಮುಚ್ಚಿದ.

"ಸಂತ ಲಾಜರೊ ಮೇಲೆ ಆಣೆ ಕಣೋ. ಇರೋದು ಎರಡೇ ಕಾಲು."

"ಹಲ್ಲು ಕೀಳಿಸ್ಕೊಳ್ತಿದ್ದಾಗ ಹೇಳ್ದೆ! ಹೆಣ ಹೂಳ್ತಿದ್ದಾಗ ಹೇಳ್ದೆ! ಬೇಡ ಬೇಡ ಅಂದ್ರೂ ಹೇಳ್ದೆ! ಈಗ ಕೈ ಮುಗಿದು ಕೇಳ್ತಿದ್ದೀನಿ. ಹೇಳೋ! ಸನ್ನೆ ಮಾಡು ಸಾಕು! ಗಂಡಸೋ ಹೆಂಗಸೋ, ಅಷ್ಟಾದ್ರೂ ಹೇಳೋ!"

ಬಾಸಿಲಿಯೊನ ಗದ್ದ ನಡುಗಿತು. ಕಣ್ಣು ತುಂಬಿತು. ಕೆನ್ನೆಗಳು ಇಳಿದವು, ತುಟಿ ಇಳಿಯಿತು, ಇಡೀ ಮುಖ ಇಳಿದು ಹಾಗೆಯೇ ನಿಂತಿತು. ಎರಿಬೆರ್ತೊ ಎಣ್ಣೆಯ ಕೈಯನ್ನು ಹಾಗೇ ಹಿಡಿದು ನೋಡಿದ. ಇಷ್ಟು ವರ್ಷ ಎಷ್ಟೋ ಜನರಿಗೆ ಎಷ್ಟೋ ಕೊನೆಗಳನ್ನು ಹೇಳಿದ್ದ. ಹೇಳಿದೊಡನೆ ಮುಖ ಒಮ್ಮೆ ಬಾಡುತ್ತಿತ್ತು, ಬೈಗುಳ ಬರುತ್ತಿತ್ತು, ಮುಗಿಯುತ್ತಿತ್ತು. ಇದು ಮುಗಿಯುವಂತೆ ಕಾಣಲಿಲ್ಲ. ನಾಳೆಯೂ ಇರುತ್ತದೆ, ನಾಡಿದ್ದೂ ಇರುತ್ತದೆ, ಎದುರು ಮನೆಯಲ್ಲೇ ಇರುತ್ತದೆ. ಹೇಳದೆ ಇರುವುದರಲ್ಲಿ ಇಂಥ ರುಚಿ ಇದೆಯೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಅವನು ಕುರ್ಚಿಯನ್ನು ಬಾಸಿಲಿಯೊನ ಹತ್ತಿರಕ್ಕೆ ಎಳೆದುಕೊಂಡ, ಬೆಳಕು ಅವನ ಮುಖದ ಮೇಲೆ ಬೀಳುವಂತೆ ದೀಪವನ್ನು ಸರಿಸಿದ.

"ಕೂತ್ಕೊ, ಅಳ್ಬೇಡ. ಸಂತನ ಆಣೆ, ಹೇಳೋಕಂತೂ ಆಗಲ್ಲ" ಎಂದ ಪರಮ ಪ್ರೀತಿಯಿಂದ. "ಆದ್ರೆ ಒಂದು ಮಾತು. ಇಷ್ಟು ದಿನ ನೀನು ಯಾರು ಅಂದ್ಕೊಂಡಿದ್ಯೋ, ಅವನು ಮಾತ್ರ ಅಲ್ಲ."